ರಾಜ್ಯದ ಅತಿ ಎತ್ತರದ ಐದು ಬೆಟ್ಟ ಹತ್ತಲು ಒಂದು ತಂಡ ಕಟ್ಟೋಣ, ಯಾರ್ಯಾರು ಬರುತ್ತೀರಿ?

ಗಿರಿಗಿಟ್ಲೆ (ಬೆಂಗಳೂರು)

ತುಂಬಾ ದಿನದಿಂದ ತಲೆಯಲ್ಲಿ ಓಡುತ್ತಿರುವ ವಿಚಾರ. ಕರ್ನಾಟಕದ ಅತಿ ಎತ್ತರದ ಐದು ಬೆಟ್ಟಗಳನ್ನು ಒಂದೇ ತಂಡವಾಗಿ, ಒಂದು ವರ್ಷದೊಳಗೆ ಹತ್ತಬೇಕು. ವಾರಾಂತ್ಯದ ಟ್ರೆಕ್ಕಿಂಗ್ ಪ್ಯಾಕೇಜ್‌ಗಳು ಸಾಕಾಗಿವೆ. ಟಿಟಿಯಲ್ಲಿ (ಟೆಂಪೋ ಟ್ರಾವೆಲರ್ ಗಾಡಿ) ರಾತ್ರಿಯಿಡೀ ಕಿವಿ ಹರಿಯುವ ಹಾಡು, ನಿದ್ದೆಗಣ್ಣಲ್ಲಿ ಉಪ್ಪಿಟ್ಟು, ಮೇಲೆ ಹೋದ ತಕ್ಷಣ ಫೋಟೋ, ಆಮೇಲೆ ಇಳಿ ಇಳಿ ಎಂದು ಅವಸರ. ಪಕ್ಕದಲ್ಲಿ ನಡೆದವರ ಹೆಸರೂ ಗೊತ್ತಾಗುವುದಿಲ್ಲ.

ನನ್ನ ಪಟ್ಟಿ ಹೀಗಿದೆ: ಮುಳ್ಳಯ್ಯನಗಿರಿ 1930 ಮೀಟರ್, ಬಾಬಾಬುಡನ್‌ಗಿರಿ 1895, ಕುದುರೆಮುಖ 1894, ಕೊಡಗಿನ ತಡಿಯಂಡಮೋಳ್ 1748, ಕುಮಾರ ಪರ್ವತ 1712.

ಪಟ್ಟಿ ಸರಿ ಇದೆಯಾ? ತಂಡದಲ್ಲಿ ಎಷ್ಟು ಜನ ಇದ್ದರೆ ಒಳ್ಳೆಯದು? ಯಾವುದರಿಂದ ಶುರು ಮಾಡೋಣ?

ಬೆಲ್ಲದ ಕಾಫಿ

ನಾನಿದ್ದೇನೆ. ಊಟ ಚೆನ್ನಾಗಿರಬೇಕು, ಅಷ್ಟೇ ಷರತ್ತು.

ನಕ್ಷೆಪೆಟ್ಟಿಗೆ

ಪಟ್ಟಿ ಸರಿ ಇಲ್ಲ ಸರ್. ಬಿಳಿಗಿರಿರಂಗನ ಬೆಟ್ಟದ ಸಾಲಿನಲ್ಲಿ ಕಟ್ಟಾರಿ ಬೆಟ್ಟ ಇದೆ, ಹತ್ತಿರ ಹತ್ತಿರ 1800 ಮೀಟರ್. ಅದು ತಡಿಯಂಡಮೋಳ್‌ಗಿಂತ ಎತ್ತರ. ಅದನ್ನು ಬಿಟ್ಟು "ಅತಿ ಎತ್ತರದ ಐದು" ಅಂತ ಹೇಗೆ ಹೇಳುತ್ತೀರಿ?

ಇನ್ನೊಂದು ತಕರಾರು. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಎರಡೂ ಒಂದೇ ಚಂದ್ರದ್ರೋಣ ಸಾಲು. ಎರಡು ತುದಿಗಳನ್ನು ಎರಡು ಬೆಟ್ಟ ಎಂದು ಎಣಿಸಬೇಕಾದರೆ ನಡುವೆ ಸಾಕಷ್ಟು ಇಳಿದು ಮತ್ತೆ ಹತ್ತುವಂತಿರಬೇಕು. ಎಷ್ಟು ಇಳಿದರೆ ಬೇರೆ ಬೆಟ್ಟ ಅನ್ನುವುದನ್ನು ಮೊದಲೇ ತೀರ್ಮಾನಿಸಿ. ಇಲ್ಲದಿದ್ದರೆ ಅದೇ ಸಾಲಿನ ಪ್ರತಿ ಉಬ್ಬನ್ನೂ ಪಟ್ಟಿಗೆ ಸೇರಿಸಬೇಕಾಗುತ್ತದೆ, ಕುಮಾರ ಪರ್ವತ ಎಲ್ಲೋ ಕೆಳಗೆ ಹೋಗುತ್ತದೆ. ಸ್ಕಾಟ್ಲೆಂಡಿನವರು 3000 ಅಡಿ ಮೀರಿದ ಬೆಟ್ಟಗಳ ಪಟ್ಟಿಯನ್ನು 1891ರಲ್ಲೇ ಮಾಡಿದರು. ಯಾವುದು ಬೇರೆ ಬೆಟ್ಟ, ಯಾವುದು ಬರೀ ಉಬ್ಬು ಎಂದು ಅವರು ಇವತ್ತಿಗೂ ಜಗಳ ಆಡುತ್ತಾರೆ.

ವೀಕೆಂಡ್ ವೀರ

ಬೆಟ್ಟ ಹತ್ತೋಕೆ ಇಷ್ಟೊಂದು ಲೆಕ್ಕ ಬೇಕಾ ಗುರು? ಸುಮ್ನೆ ಹೋಗೋಣ.

ನಕ್ಷೆಪೆಟ್ಟಿಗೆ

"ಅತಿ ಎತ್ತರದ ಐದು" ಎಂದು ಬರೆದವರು ಅವರು, ನಾನಲ್ಲ. "ಐದು ಒಳ್ಳೆಯ ಬೆಟ್ಟ" ಎಂದಿದ್ದರೆ ನಾನು ಬಾಯಿ ತೆರೆಯುತ್ತಿರಲಿಲ್ಲ.

ಯಳಂದೂರು ಎಕ್ಸ್‌ಪ್ರೆಸ್

ಕಟ್ಟಾರಿ ಬೆಟ್ಟದ ಆಸೆ ಬಿಡಿ. ಅದು ಹುಲಿ ಮೀಸಲು ಪ್ರದೇಶದೊಳಗಿದೆ, 2011ರಲ್ಲೇ ಘೋಷಣೆ ಆಗಿದೆ. ಚಾರಣಕ್ಕೆ ಬಿಡುವುದಿಲ್ಲ. ನಮ್ಮ ಕಡೆ ಆನೆಗಳು ದಾರಿ ಕೇಳಿ ಬರುವುದಿಲ್ಲ, ನೀವೂ ಬರಬೇಡಿ.

ಗಿರಿಗಿಟ್ಲೆ

ಸರಿ, ಹೀಗೆ ಇಟ್ಟುಕೊಳ್ಳೋಣ: "ಕಾನೂನುಬದ್ಧವಾಗಿ ಹತ್ತಲು ಬಿಡುವ ಬೆಟ್ಟಗಳಲ್ಲಿ ಎತ್ತರದವು." ನಕ್ಷೆಪೆಟ್ಟಿಗೆ ಸರ್, ಒಪ್ಪಿಗೆಯಾ?

ನಕ್ಷೆಪೆಟ್ಟಿಗೆ

ಹೆಸರು ಉದ್ದವಾಯಿತು, ಆದರೆ ಒಪ್ಪಿಗೆ. ಹಾಗೆಯೇ ಮುಳ್ಳಯ್ಯನಗಿರಿ 1930 ಅಂತ ಹಾಕಿದ್ದೀರಿ, ಕೆಲವು ಕಡೆ 1925 ಎಂದಿದೆ. ಯಾವುದನ್ನು ಹಿಡಿದರೂ ಮೊದಲ ಸ್ಥಾನ ಅದರದ್ದೇ. ಬಾಬಾಬುಡನ್‌ಗಿರಿ, ಕುದುರೆಮುಖದ ನಡುವೆ ಒಂದೇ ಮೀಟರ್ ವ್ಯತ್ಯಾಸ ತೋರಿಸಿದ್ದೀರಿ. ಕುದುರೆಮುಖಕ್ಕೆ 1892 ಎಂದು ಬರೆದ ಪುಸ್ತಕಗಳೂ ಇವೆ. ಎರಡನೆಯದು ಯಾವುದು, ಮೂರನೆಯದು ಯಾವುದು ಎಂದು ಅಷ್ಟು ಗಟ್ಟಿಯಾಗಿ ಹೇಳಬೇಡಿ.

ಸುಳ್ಯದವ

ಮಾರಾಯ್ರೆ, ನೀವೆಲ್ಲ ಸಮುದ್ರಮಟ್ಟದಿಂದ ಎತ್ತರ ಅಳೆಯುತ್ತಿದ್ದೀರಿ. ಕಾಲಿಗೆ ಸಮುದ್ರಮಟ್ಟ ಗೊತ್ತಿಲ್ಲ. ಎಲ್ಲಿಂದ ಹತ್ತಲು ಶುರು ಮಾಡುತ್ತೀರಿ ಎನ್ನುವುದೇ ಮುಖ್ಯ.

ಮುಳ್ಳಯ್ಯನಗಿರಿಗೆ ಗಾಡಿ ಹತ್ತಿರದವರೆಗೆ ಹೋಗುತ್ತದೆ. ಅಲ್ಲಿಂದ ಮೆಟ್ಟಿಲು. ಅಜ್ಜ ಅಜ್ಜಿ, ಮಗು ಎತ್ತಿಕೊಂಡವರು, ಚಪ್ಪಲಿ ಹಾಕಿದವರು, ಎಲ್ಲರೂ ಹತ್ತುತ್ತಾರೆ. ಕುಮಾರ ಪರ್ವತ ನಿಮ್ಮ ಪಟ್ಟಿಯಲ್ಲಿ ಕೊನೆಯದು. ಆದರೆ ಕುಕ್ಕೆ ಸುಬ್ರಹ್ಮಣ್ಯ ಇರುವುದೇ ಸುಮಾರು 120 ಮೀಟರ್ ಎತ್ತರದಲ್ಲಿ. ಅಲ್ಲಿಂದ 1712ಕ್ಕೆ ಹೋಗಬೇಕು. ಅಂದರೆ ಒಂದೂವರೆ ಸಾವಿರ ಮೀಟರ್‌ಗಿಂತ ಜಾಸ್ತಿ ಏರು, ಒಂದೇ ದಿನದಲ್ಲಿ. ಮೊದಲು ದಟ್ಟ ಕಾಡು, ಗಿರಿಗದ್ದೆ ದಾಟಿದ ಮೇಲೆ ನೆರಳೇ ಇಲ್ಲದ ಹುಲ್ಲುಗಾವಲು, ಕಲ್ಲು ಮಂಟಪ, ಆಮೇಲೆ ಶೇಷ ಪರ್ವತ. ಅಲ್ಲಿ ನಿಂತಾಗ ಮುಗಿಯಿತು ಅನಿಸುತ್ತದೆ. ಮುಗಿದಿರುವುದಿಲ್ಲ. ಮತ್ತೆ ಇಳಿದು, ಕಾಡು ಹೊಕ್ಕು, ಜಾರುವ ಬಂಡೆ ಹತ್ತಬೇಕು.

ಪಟ್ಟಿಯಲ್ಲಿ ಅತಿ ಎತ್ತರದ್ದು ಅತಿ ಸುಲಭ, ಕೊನೆಯದು ಅತಿ ಕಷ್ಟ. ಈ ಲೆಕ್ಕ ನೋಡಿಕೊಂಡು ತಂಡ ಕಟ್ಟಿ.

ಸೋಮವಾರಪೇಟೆ ಸೀಬೆ

ನಮ್ಮ ಕಡೆಯಿಂದ ಬನ್ನಿ. ಬೀದಹಳ್ಳಿ, ಹೆಗ್ಗಡೆಮನೆ ದಾರಿ. ದೂರವೂ ಕಡಿಮೆ, ಏರೂ ಕಡಿಮೆ.

ಸುಳ್ಯದವ

ಕಡಿಮೆ ಹೌದು. ಆದರೆ ಆ ಕಡೆಯಿಂದ ಹೋದವರು ಕುಮಾರ ಪರ್ವತ ಹತ್ತಿದೆ ಅಂತ ಅರ್ಧ ದನಿಯಲ್ಲಿ ಹೇಳಬೇಕು.

ಸೋಮವಾರಪೇಟೆ ಸೀಬೆ

ಶುರುವಾಯಿತು ಘಟ್ಟದ ಕೆಳಗಿನವರ ಗತ್ತು!

ಬೆಲ್ಲದ ಕಾಫಿ

ಗಿರಿಗದ್ದೆಯ ಭಟ್ರ ಮನೆ ಊಟ ಸಿಗುವುದು ಕುಕ್ಕೆ ದಾರಿಯಲ್ಲಿ ತಾನೇ? ನನ್ನ ಮತ ಕುಕ್ಕೆಗೆ.

ಬ್ಯಾಂಕ್ ಮೇಡಂ (ಹಾಸನ)

ನಾನೂ ಬರಬಹುದಾ? ನನಗೆ ಐವತ್ತು ದಾಟಿದೆ. ದಿನಾ ನಡೆಯುತ್ತೇನೆ, ಮಂಡಿ ಚೆನ್ನಾಗಿದೆ. ನಿಧಾನ, ಆದರೆ ನಿಲ್ಲುವುದಿಲ್ಲ. ಹಿಂದೆ ಒಂದು ಕಂಪನಿಯ ಜೊತೆ ಹೋದಾಗ ಮುಂದಿನವರು ಕಣ್ಣಿಗೆ ಕಾಣದಷ್ಟು ದೂರ ಹೋಗಿಬಿಟ್ಟರು, ಹಿಂದೆ ಯಾರೂ ಇರಲಿಲ್ಲ. ಕವಲು ದಾರಿಯಲ್ಲಿ ನಾನು ಒಬ್ಬಳೇ ನಿಂತಿದ್ದೆ. ಮೇಲೆ ಹೋದಾಗ ಆ ಹುಡುಗ "ಆಂಟಿ, ನೀವು ಲೇಟ್" ಎಂದ. ಅಂಥದ್ದಾದರೆ ಬೇಡ.

ವೀಕೆಂಡ್ ವೀರ

ಮೇಡಂ ಬೇಜಾರಾಗಬೇಡಿ, ಆದರೆ ತಂಡ ಅಂದರೆ ಒಂದೇ ವೇಗದವರು ಇರಬೇಕು. ಒಬ್ಬರಿಗಾಗಿ ಎಲ್ಲರೂ ಕಾಯುವುದು ಕಷ್ಟ. ಕತ್ತಲಾದರೆ ಯಾರು ಹೊಣೆ?

ಗಿರಿಗಿಟ್ಲೆ

ಮೇಡಂ, ಖಂಡಿತ ಬನ್ನಿ. ವೀರಣ್ಣ, ಇದು ಓಟದ ಸ್ಪರ್ಧೆ ಅಲ್ಲ.

ನಕ್ಷೆಪೆಟ್ಟಿಗೆ

ವೇಗದ ಬಗ್ಗೆ ಒಂದು ಹಳೆಯ ಲೆಕ್ಕ ಇದೆ. ಐದು ಕಿಲೋಮೀಟರ್‌ಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 1892ರಲ್ಲಿ ನೈಸ್ಮಿತ್ ಎಂಬ ಸ್ಕಾಟ್ಲೆಂಡಿನವರು ಹಾಕಿದ್ದು. ಕುಕ್ಕೆಯಿಂದ ಕುಮಾರ ಪರ್ವತಕ್ಕೆ 12 ಕಿಲೋಮೀಟರ್ ಎಂದು ಹಿಡಿದರೆ ಹತ್ತಲು ಐದು ಗಂಟೆ ಬರುತ್ತದೆ. ಅದು ನಿಲ್ಲದೆ ನಡೆಯುವ ಗಟ್ಟಿಗರ ಲೆಕ್ಕ. ನಮ್ಮ ಸೆಕೆ, ಚೀಲದ ಭಾರ, ಫೋಟೋ, ಮಾತು ಸೇರಿದರೆ ಏಳು ಗಂಟೆ ಇಟ್ಟುಕೊಳ್ಳಿ. ತಂಡದಲ್ಲಿ ಅತಿ ನಿಧಾನ ನಡೆಯುವವರ ವೇಗಕ್ಕೆ ಸಮಯ ಲೆಕ್ಕ ಹಾಕಿ. ವಾಪಸ್ ತಿರುಗುವ ಹೊತ್ತನ್ನು ಮೊದಲೇ ಹೇಳಿಬಿಡಿ. ಆ ಹೊತ್ತಿಗೆ ಎಲ್ಲೇ ಇದ್ದರೂ ತಿರುಗಬೇಕು, ತುದಿ ಕಣ್ಣೆದುರೇ ಇದ್ದರೂ ಸರಿ.

ಸುಳ್ಯದವ

ಇದು ಸರಿ. ಮುಂದೆ ಒಬ್ಬರು ದಾರಿ ಗೊತ್ತಿರುವವರು, ಕೊನೆಯಲ್ಲಿ ಒಬ್ಬರು ಗಟ್ಟಿ ಆಳು. ಕೊನೆಯ ಆಳನ್ನು ದಾಟಿ ಹಿಂದೆ ಯಾರೂ ಉಳಿಯಬಾರದು. ಪ್ರತಿ ಕವಲಿನಲ್ಲೂ ಎಲ್ಲರೂ ಸೇರಿದ ಮೇಲೆಯೇ ಮುಂದಕ್ಕೆ. ಇಷ್ಟು ಮಾಡಿದರೆ ಐವತ್ತಾದರೂ ಎಪ್ಪತ್ತಾದರೂ ತೊಂದರೆ ಇಲ್ಲ. ಆ ಕೊನೆಯ ಜಾಗಕ್ಕೆ ವೀಕೆಂಡ್ ವೀರರನ್ನೇ ಹಾಕಿ, ಅವರಿಗೆ ಶಕ್ತಿ ಜಾಸ್ತಿ ಇದೆ.

ವೀಕೆಂಡ್ ವೀರ

😂 ಆಯಿತು ಬಿಡಿ. ಆದರೆ ನನ್ನದೊಂದು ಸಲಹೆ. ರಾತ್ರಿ ಹತ್ತಿದರೆ ಬಿಸಿಲಿನ ಕಾಟ ಇಲ್ಲ, ಟಿಕೆಟ್ ತಲೆನೋವೂ ಇಲ್ಲ. ಕುದುರೆಮುಖದ ಮೇಲೆ ಟೆಂಟ್ ಹಾಕಿ ಸೂರ್ಯೋದಯ ನೋಡಬಹುದು.

ಕಳಸದ ಅಡಿಕೆ

ಸ್ವಾಮಿ, ಇದಕ್ಕೇ ನಾವು ಊರಿನವರು ಬೆಂಗಳೂರಿನ ಗಾಡಿ ಕಂಡರೆ ಗೇಟು ಹಾಕುವುದು.

ಕುದುರೆಮುಖ 1987ರಿಂದ ರಾಷ್ಟ್ರೀಯ ಉದ್ಯಾನ. ರಾತ್ರಿ ಕಾಡಿನೊಳಗೆ ಇರುವಂತಿಲ್ಲ, ಟೆಂಟ್ ಇಲ್ಲ, ಬೆಂಕಿ ಇಲ್ಲ. ಬೆಳಗ್ಗೆ ಹೋಗಿ ಸಂಜೆಯೊಳಗೆ ಇಳಿಯಬೇಕು. ಟಿಕೆಟ್ ಇಲ್ಲದೆ ನುಗ್ಗಿದರೆ 1972ರ ವನ್ಯಜೀವಿ ಕಾಯ್ದೆಯಲ್ಲಿ ಕೇಸು ಬೀಳುತ್ತದೆ. ಸಿಕ್ಕಿಬಿದ್ದವರು ದಂಡ ಕಟ್ಟಿ ಹೋಗುತ್ತಾರೆ. ಆಮೇಲೆ ಮಾತು ಕೇಳುವುದು ಅವರನ್ನು ಇಳಿಸಿಕೊಂಡ ಹೋಂಸ್ಟೇಯವರು, ಕರೆದುಕೊಂಡು ಹೋದ ಜೀಪಿನವರು.

ಚಾರಣ ಶುರುವಾಗುವುದು ಮುಳ್ಳೋಡಿಯಿಂದ. ಬಾಳೆಗಲ್‌ವರೆಗೆ ನಿಮ್ಮ ಗಾಡಿ ಬರಬಹುದು, ಅಲ್ಲಿಂದ ಮುಳ್ಳೋಡಿಗೆ ಜೀಪೇ ಗತಿ. ಆ ರಸ್ತೆಯಲ್ಲಿ ಕಾರು ಇಳಿಸಿದರೆ ವಾಪಸ್ ಎತ್ತಲು ನಮ್ಮ ಹುಡುಗರೇ ಬರಬೇಕು. ಹೋಗಿ ಬರಲು ಹದಿನೆಂಟರಿಂದ ಇಪ್ಪತ್ತು ಕಿಲೋಮೀಟರ್. ದಾರಿಯಲ್ಲಿ ಒಂಟಿ ಮರ, ಲೋಬೋ ಮನೆಯ ಜಾಗ, ಕೆಲವು ಹಳ್ಳ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಗೈಡ್ ಏನು ಹೇಳುತ್ತಾನೋ ಅದನ್ನು ಕೇಳಬೇಕು. ಬನ್ನಿ, ಬೇಡ ಎನ್ನುವುದಿಲ್ಲ. ಆದರೆ ಬಾಟಲಿ ತರಬೇಡಿ, ಸ್ಪೀಕರ್ ತರಬೇಡಿ.

ಬೆಲ್ಲದ ಕಾಫಿ

ನೀರಿನ ಬಾಟಲಿಯೂ ಬೇಡವಾ?

ಕಳಸದ ಅಡಿಕೆ

ಸ್ಟೀಲಿನದ್ದು ತನ್ನಿ. ನೀವು ಕೇಳಿದ್ದು ಯಾವ ಬಾಟಲಿ ಅಂತ ನನಗೆ ಗೊತ್ತಾಗಲಿಲ್ಲ ಅಂದುಕೊಳ್ಳಬೇಡಿ.

ಟಿಕೆಟ್ ಟಿಪ್ಪು

ಬುಕಿಂಗ್ ವಿಷಯ ಯಾರೂ ಸರಿಯಾಗಿ ಹೇಳಲಿಲ್ಲ. 2024ರ ಜನವರಿ ಕೊನೆಯಲ್ಲಿ, ಗಣರಾಜ್ಯೋತ್ಸವದ ರಜೆಗೆ, ಕುಮಾರ ಪರ್ವತದ ಗೇಟಿನಲ್ಲಿ ಸಾವಿರಾರು ಜನ ಸೇರಿದ ವೀಡಿಯೋ ನೆನಪಿದೆಯಲ್ವಾ? ಜಾತ್ರೆ ಸಾಲಿನ ಹಾಗೆ ಜನ ನಿಂತಿದ್ದರು. ಆಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ಸ್ವಲ್ಪ ಕಾಲ ನಿಲ್ಲಿಸಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅರಣ್ಯ ಇಲಾಖೆಯ ಅರಣ್ಯ ವಿಹಾರ ಜಾಲತಾಣ ಬಂತು. ಒಂದು ದಾರಿಗೆ ದಿನಕ್ಕೆ 300 ಜನ ಎಂಬ ಮಿತಿ. ಹೆಸರು, ಗುರುತಿನ ಚೀಟಿ ಎಲ್ಲ ಕೊಡಬೇಕು.

ಅದಕ್ಕೇ ತಂಡ ದೊಡ್ಡದಾದಷ್ಟೂ ಕಷ್ಟ. ಶನಿವಾರ ಭಾನುವಾರದ ಟಿಕೆಟ್ ಬೇಗ ಖಾಲಿಯಾಗುತ್ತದೆ. ಇಪ್ಪತ್ತು ಜನರಿಗೆ ಒಂದೇ ದಿನ ಸಿಗುವುದು ಅದೃಷ್ಟ. ಎಂಟು ಹತ್ತು ಜನ ಇದ್ದರೆ ಒಂದು ಟಿಟಿ ಸಾಕು, ಒಬ್ಬ ಗೈಡ್ ಸಾಕು, ಒಂದೇ ಹೋಂಸ್ಟೇಯಲ್ಲಿ ಹಿಡಿಸುತ್ತಾರೆ. ಮುಳ್ಳಯ್ಯನಗಿರಿ ಕಡೆಗೂ ಈಗ ಗಾಡಿಗಳಿಗೆ ಮೊದಲೇ ಬುಕಿಂಗ್ ಮಾಡಬೇಕು. ಸುಮ್ನೆ ಕಾರು ತಿರುಗಿಸಿಕೊಂಡು ಹೋದರೆ ಕೈಮರದ ಚೆಕ್‌ಪೋಸ್ಟ್‌ನಲ್ಲೇ ನಿಲ್ಲಿಸಬಹುದು.

ಶಾರ್ಜಾ ಶಾಮಣ್ಣ

ಇಲ್ಲಿ ಕೂತು ಹೊಟ್ಟೆ ಉರಿದುಕೊಂಡು ಓದುತ್ತಿದ್ದೇನೆ. ನಮ್ಮ ಹತ್ತಿರ ರಾಸ್ ಅಲ್ ಖೈಮಾದಲ್ಲಿ ಜೆಬೆಲ್ ಜೈಸ್ ಇದೆ. ಹೆಚ್ಚುಕಡಿಮೆ ಮುಳ್ಳಯ್ಯನಗಿರಿಯಷ್ಟೇ ಎತ್ತರದ ಬೆಟ್ಟ. ಒಂದು ಹುಲ್ಲುಕಡ್ಡಿ ಹುಡುಕಬೇಕು, ಪೂರ್ತಿ ಕಲ್ಲು. ಡಿಸೆಂಬರ್‌ನಲ್ಲಿ ಊರಿಗೆ ಬರುತ್ತೇನೆ, ಆಗ ಒಂದು ಬೆಟ್ಟ ಇಡಿ ದಯವಿಟ್ಟು.

ದೊಡ್ಡಬೆಟ್ಟ ದೊರೆ

ಇವೆಲ್ಲ ಬೆಟ್ಟವಾ? ನೀಲಗಿರಿಯ ದೊಡ್ಡಬೆಟ್ಟ 2637 ಮೀಟರ್. ಕೇರಳದ ಆನೆಮುಡಿ 2695. ಹತ್ತುವುದಾದರೆ ಅಂಥದ್ದು ಹತ್ತಬೇಕು.

ಸುಳ್ಯದವ

ದೊಡ್ಡಬೆಟ್ಟದ ತುದಿಗೆ ಟಾರು ರಸ್ತೆ ಇದೆ. ಜೋಳ ತಿನ್ನುತ್ತಾ ಕಾರಿಂದ ಇಳಿಯಬಹುದು. ಆನೆಮುಡಿ ತುದಿಗೆ ಸಾಮಾನ್ಯರನ್ನು ಬಿಡುವುದಿಲ್ಲ. ಬೇರೆ ಏನಾದರೂ ಹೇಳಿ ದೊರೆ.

ತೀರ್ಥಹಳ್ಳಿ ಡಾಕ್ಟರ್

ಒಂದು ಗಂಭೀರ ಮಾತು. ಜನವರಿಯಿಂದ ಮೇವರೆಗೆ ಮಲೆನಾಡಿನ ಕಾಡಿಗೆ ಹೋಗುವವರು ಮಂಗನ ಕಾಯಿಲೆ ನೆನಪಿಟ್ಟುಕೊಳ್ಳಿ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಕಾಯಿಲೆ ಇದು. ಹರಡುವುದು ಉಣುಗಿನಿಂದ. ಮಂಗ ಸತ್ತು ಬಿದ್ದ ಜಾಗದ ಸುತ್ತ ಅಪಾಯ ಜಾಸ್ತಿ. ಡಿಸೆಂಬರ್‌ನಲ್ಲೇ ಶುರುವಾಗುವ ವರ್ಷಗಳೂ ಇವೆ. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ ಕಡೆಯೂ ಕಾಣಿಸಿಕೊಂಡಿದೆ.

ಹೆದರಿಸುತ್ತಿಲ್ಲ. ಪೂರ್ತಿ ತೋಳು, ಪೂರ್ತಿ ಪ್ಯಾಂಟು, ಪ್ಯಾಂಟಿನ ತುದಿ ಕಾಲುಚೀಲದೊಳಗೆ. ತರಗೆಲೆ ಮೇಲೆ ಕೂರಬೇಡಿ, ಮಲಗಬೇಡಿ. ವಾಪಸ್ ಬಂದ ಕೂಡಲೇ ಬಿಸಿ ನೀರಿನ ಸ್ನಾನ, ಬಟ್ಟೆ ಬಿಸಿ ನೀರಿಗೆ. ಆಮೇಲೆ ಒಂದೆರಡು ವಾರದಲ್ಲಿ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಡಾಕ್ಟರ ಹತ್ತಿರ "ಕಾಡಿಗೆ ಹೋಗಿದ್ದೆ" ಎಂದು ಬಾಯಿಬಿಟ್ಟು ಹೇಳಿ. ಬೆಂಗಳೂರಿನಲ್ಲಿ ಅದನ್ನು ಯಾರೂ ತಾವಾಗಿ ಕೇಳುವುದಿಲ್ಲ.

ಬ್ಯಾಂಕ್ ಮೇಡಂ (ಹಾಸನ)

ಥ್ಯಾಂಕ್ಸ್ ಡಾಕ್ಟರ್. ಉಂಬಳಕ್ಕೆ ಏನು ಮಾಡಬೇಕು?

ಕಳಸದ ಅಡಿಕೆ

ಉಂಬಳಕ್ಕೆ ಹೊಗೆಸೊಪ್ಪಿನ ಪುಡಿ, ಕೊಬ್ಬರಿ ಎಣ್ಣೆ ಕಲಸಿ ಕಾಲಿಗೆ ಹಚ್ಚಿ. ಕಚ್ಚಿದ್ದನ್ನು ಬಿಡಿಸಲು ಉಪ್ಪು ಅಥವಾ ಸುಣ್ಣ. ಪೇಟೆಯವರು ಉಂಬಳ ಕಂಡು ಕಿರುಚುವುದು ಜಾಸ್ತಿ, ಅದು ಕುಡಿಯುವ ರಕ್ತ ಕಡಿಮೆ.

ತೀರ್ಥಹಳ್ಳಿ ಡಾಕ್ಟರ್

ಉಪ್ಪು, ಸುಣ್ಣಕ್ಕಿಂತ ಉಗುರಿನಿಂದ ಬಾಯಿ ಇರುವ ಕಡೆ ಮೆಲ್ಲಗೆ ಸರಿಸಿ ಬಿಡಿಸುವುದು ಒಳ್ಳೆಯದು. ಆಮೇಲೆ ಸೋಪು ಹಾಕಿ ತೊಳೆಯಿರಿ.

ಕಳಸದ ಅಡಿಕೆ

ಮಳೆಯಲ್ಲಿ ನಿಂತು, ಎರಡೂ ಕಾಲಲ್ಲಿ ಇಪ್ಪತ್ತು ಉಂಬಳ ಇದ್ದಾಗ ಉಗುರಲ್ಲಿ ಮೆಲ್ಲಗೆ ಸರಿಸುತ್ತಾ ಕೂರಿ ಡಾಕ್ಟ್ರೇ. ನಾವು ಸುಣ್ಣ ಹಚ್ಚಿ ಮನೆ ಸೇರಿರುತ್ತೇವೆ.

ಗಾಳಿಕೆರೆ ಗಂಗಣ್ಣ

ಬಾಬಾಬುಡನ್‌ಗಿರಿ ಬಗ್ಗೆ ಒಂದು ಮಾತು. ಬರೀ ಗಾಡಿಯಲ್ಲಿ ಹೋಗಿ ತುದಿ ಮುಟ್ಟಿದರೆ ಏನೂ ಇಲ್ಲ. ಚಂದ ಇರುವುದು ಸಾಲಿನ ಮೇಲೆ ಗಾಳಿಕೆರೆ ಕಡೆ, ಕೆಮ್ಮಣ್ಣುಗುಂಡಿ ಕಡೆ ನಡೆಯುವುದರಲ್ಲಿ. ಎರಡೂ ಬದಿ ಕಣಿವೆ, ಕಾಲಡಿ ಹುಲ್ಲು, ತಗ್ಗಿನಲ್ಲಿ ಶೋಲಾ ಕಾಡು. ಅನುಮತಿ ಇದೆಯಾ ಎಂದು ಅರಣ್ಯ ಇಲಾಖೆಯಲ್ಲಿ ಕೇಳಿಕೊಂಡೇ ಹೋಗಿ. ಡಿಸೆಂಬರ್‌ನಲ್ಲಿ ದತ್ತ ಜಯಂತಿ ಸಮಯಕ್ಕೆ ಪ್ರವಾಸಿಗರಿಗೆ ನಿರ್ಬಂಧ ಹಾಕುತ್ತಾರೆ. ಶಾರ್ಜಾದವರು ತಾರೀಕು ನೋಡಿಕೊಂಡು ವಿಮಾನ ಹತ್ತಲಿ.

ಮುಳ್ಳಯ್ಯನಗಿರಿಗೂ ಕಾಲ್ದಾರಿ ಇದೆ, ಸರ್ಪದಾರಿ ಅನ್ನುತ್ತಾರೆ. ರಸ್ತೆಯವರನ್ನು ಬಿಟ್ಟು ಅಲ್ಲಿಂದ ಹತ್ತಿದರೆ ಮೊದಲ ಸ್ಥಾನದ ಬೆಟ್ಟಕ್ಕೆ ಸ್ವಲ್ಪ ಮರ್ಯಾದೆ ಕೊಟ್ಟಂತೆ. ಸಿಡಿಲಿನ ಕಾಲದಲ್ಲಿ ಮಾತ್ರ ಬೇಡ. ಏಪ್ರಿಲ್, ಮೇ ಮಧ್ಯಾಹ್ನದ ಮಳೆಗೆ ಆ ಬೋಳು ಏಣಿನ ಮೇಲೆ ನಿಮಗಿಂತ ಎತ್ತರದ್ದು ಏನೂ ಇರುವುದಿಲ್ಲ.

ಹೊಸ ಬಳಕೆದಾರ 7

ಆ ಬಾಬಾಬುಡನ್‌ಗಿರಿಗೆ ಸರಿಯಾದ ಹೆಸರು ಯಾವುದು ಅಂತ ಮೊದಲು ಹೇಳಿ, ಆಮೇಲೆ ಹತ್ತೋಣ.

ನಿರ್ವಾಹಕರು

ಆ ಜಗಳ ಇಲ್ಲಿ ಬೇಡ. ಮುಂದಿನ ಮೂರು ಉತ್ತರಗಳನ್ನು ತೆಗೆದಿದ್ದೇವೆ. ಬೆಟ್ಟ ಹತ್ತುವ ಬಗ್ಗೆ ಮಾತಾಡಿ.

ವೀಕೆಂಡ್ ವೀರ

ದುಡ್ಡಿನ ವಿಷಯ? ಇಂಥ ತಂಡಗಳು ಒಡೆಯುವುದೇ ಅಲ್ಲಿ. "ಬರ್ತೀನಿ ಬರ್ತೀನಿ" ಎಂದು ಹಿಂದಿನ ರಾತ್ರಿ "ಅಜ್ಜಿಗೆ ಹುಷಾರಿಲ್ಲ" ಅನ್ನುತ್ತಾರೆ. ಟಿಟಿ ಬಾಡಿಗೆ ಉಳಿದವರ ತಲೆ ಮೇಲೆ.

ಟಿಕೆಟ್ ಟಿಪ್ಪು

ಮೊದಲ ಸಲ ನೀವು ಸರಿಯಾದ ಮಾತು ಹೇಳಿದ್ದೀರಿ. ಟಿಕೆಟ್ ಬುಕ್ ಮಾಡುವ ದಿನವೇ ಪೂರ್ತಿ ದುಡ್ಡು ಹಾಕಬೇಕು. ಬರದಿದ್ದರೆ ವಾಪಸ್ ಇಲ್ಲ. ಖರ್ಚಿನ ಚೀಟಿಗಳನ್ನೆಲ್ಲ ಗುಂಪಿನಲ್ಲಿ ಹಾಕಬೇಕು. ಲಾಭ ಯಾರಿಗೂ ಬೇಡ.

ಬ್ಯಾಂಕ್ ಮೇಡಂ (ಹಾಸನ)

ಲೆಕ್ಕ ನಾನು ನೋಡಿಕೊಳ್ಳುತ್ತೇನೆ. ಒಂದು ರೂಪಾಯಿ ಆಚೀಚೆ ಆಗುವುದಿಲ್ಲ.

ಗಿರಿಗಿಟ್ಲೆ

ಮೇಡಂ ಕೈಗೆ ಲೆಕ್ಕ ಬಂದ ಮೇಲೆ ನನಗೆ ಅರ್ಧ ತಲೆನೋವು ಕಡಿಮೆಯಾಯಿತು. ಇಲ್ಲಿಯವರೆಗಿನ ಮಾತಿನಿಂದ ನನಗೆ ಅನಿಸಿದ್ದು: ಹತ್ತು ಜನ ಮೀರುವುದು ಬೇಡ. ಎತ್ತರದ ಕ್ರಮ ಬಿಟ್ಟು ಕಷ್ಟದ ಕ್ರಮದಲ್ಲಿ ಹೋಗೋಣ. ಮೊದಲು ತಡಿಯಂಡಮೋಳ್, ಆಮೇಲೆ ಚಂದ್ರದ್ರೋಣದ ಎರಡು, ಆಮೇಲೆ ಕುದುರೆಮುಖ, ಕೊನೆಗೆ ಕುಕ್ಕೆ ಕಡೆಯಿಂದ ಕುಮಾರ ಪರ್ವತ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಕಾರಣಕ್ಕೆ ಮುಚ್ಚುತ್ತಾರೆ, ಆಗ ಬೆಂಗಳೂರಿನ ಸುತ್ತಮುತ್ತಲ ಗುಡ್ಡಗಳಲ್ಲಿ ಅಭ್ಯಾಸ. ಮೊದಲನೆಯದನ್ನು ಅಕ್ಟೋಬರ್ ಮಧ್ಯದಲ್ಲಿ, ದಸರಾ ರಜೆ ಹಿಡಿದು ಇಡೋಣವಾ? ಮಡಿಕೇರಿಯಲ್ಲಿ ಉಳಿಯಬಹುದು.

ಸೋಮವಾರಪೇಟೆ ಸೀಬೆ

ಕೊನೆಗೆ ಕುಕ್ಕೆ ಕಡೆಯಿಂದ! ಸುಳ್ಯದವರಿಗೆ ಇವತ್ತು ನಿದ್ದೆ ಚೆನ್ನಾಗಿ ಬರುತ್ತದೆ.

ನಾಪೋಕ್ಲು ನಾಣಯ್ಯ

ದಸರಾಕ್ಕೆ ಮಡಿಕೇರಿಯಲ್ಲಿ ರೂಮು? ದಶಮಂಟಪಗಳ ಮೆರವಣಿಗೆ ನೋಡಲು ಬಂದವರು ರಸ್ತೆಯಲ್ಲೇ ಬೆಳಗು ಮಾಡುತ್ತಾರೆ. ಅಕ್ಟೋಬರ್ 17ರ ಆಸುಪಾಸಿನಲ್ಲಿ ತಲಕಾವೇರಿಯ ತೀರ್ಥೋದ್ಭವ, ಭಾಗಮಂಡಲದ ದಾರಿ ತುಂಬಿರುತ್ತದೆ. ಆ ತಿಂಗಳು ಬಿಟ್ಟುಬಿಡಿ. ನವೆಂಬರ್‌ನಲ್ಲಿ ಬನ್ನಿ. ಮಳೆ ನಿಂತಿರುತ್ತದೆ, ಹುಲ್ಲು ಇನ್ನೂ ಹಸಿರು.

ಮಡಿಕೇರಿಯಲ್ಲಿ ಉಳಿಯಲೇಬೇಡಿ. ನಾಪೋಕ್ಲು ಮೇಲೆ ಕಕ್ಕಬೆಗೆ ಬಂದುಬಿಡಿ. ವಿರಾಜಪೇಟೆ ಕಡೆಯಿಂದಲೂ ಬರಬಹುದು. ನಡಿಗೆ ಶುರುವಾಗುವುದು ನಾಲ್ಕುನಾಡು ಅರಮನೆ ಹತ್ತಿರ. 1792ರ ಸುಮಾರಿಗೆ ದೊಡ್ಡ ವೀರರಾಜೇಂದ್ರ ಕಟ್ಟಿಸಿದ್ದು. ಎಲ್ಲರೂ ಇಳಿದು ಬಂದು ಸುಸ್ತಾಗಿ ಗಾಡಿ ಹತ್ತಿಬಿಡುತ್ತಾರೆ, ಒಳಗಿನ ಗೋಡೆಯ ಚಿತ್ರ ನೋಡುವುದೇ ಇಲ್ಲ. ಹಿಂದಿನ ಸಂಜೆಯೇ ಬಂದು ಅದನ್ನು ನೋಡಿ. ಬೆಳಗ್ಗೆ ಬೇಗ ಹೊರಡಿ. ಅರ್ಧ ದಾರಿ ಕಾಫಿ ತೋಟ ಮತ್ತು ನೆರಳು. ಕೊನೆಯ ಏರು ಮಾತ್ರ ಕಡಿದು, ಅಲ್ಲಿ ಕೈ ಊರಬೇಕಾಗುತ್ತದೆ.

ಬೆಲ್ಲದ ಕಾಫಿ

ಕಕ್ಕಬೆ ಜೇನು ಈಗಲೂ ಒಳ್ಳೆಯದು ಸಿಗುತ್ತದಾ?

ನಾಪೋಕ್ಲು ನಾಣಯ್ಯ

ಸಿಗುತ್ತದೆ. ರಸ್ತೆ ಬದಿ ಅಂಗಡಿಯಲ್ಲಿ ತೆಗೆದುಕೊಳ್ಳಬೇಡಿ, ನಾನು ಮನೆ ತೋರಿಸುತ್ತೇನೆ.

ಬ್ಯಾಂಕ್ ಮೇಡಂ (ಹಾಸನ)

ಹಾಗಾದರೆ ನವೆಂಬರ್ ಎರಡನೇ ಶನಿವಾರ. ನಮಗೆ ಬ್ಯಾಂಕ್ ರಜೆ. ಹಾಸನದಲ್ಲಿ ನನ್ನನ್ನು ಹತ್ತಿಸಿಕೊಳ್ಳುತ್ತೀರಾ, ಇಲ್ಲ ನಾನೇ ಬಸ್ಸಿನಲ್ಲಿ ನೇರ ಮಡಿಕೇರಿಗೆ ಬರಲಾ?

ಟಿಕೆಟ್ ಟಿಪ್ಪು

ಬೆಂಗಳೂರಿನ ಟಿಟಿ ಹಾಸನದ ಮೇಲೆ ಬಂದರೆ ಸುತ್ತು ಮೇಡಂ. ನೀವು ಬಸ್ಸಿನಲ್ಲಿ ಕುಶಾಲನಗರಕ್ಕೆ ಬನ್ನಿ, ಅಲ್ಲಿ ಸೇರಿಕೊಳ್ಳೋಣ. ಬುಕಿಂಗ್ ತೆರೆದ ದಿನವೇ ಟಿಕೆಟ್ ತೆಗೆಯಬೇಕು. ಬರುವವರು ಹೆಸರು, ವಯಸ್ಸು, ಗುರುತಿನ ಚೀಟಿಯ ವಿವರ ಗಿರಿಗಿಟ್ಲೆಗೆ ಖಾಸಗಿ ಸಂದೇಶದಲ್ಲಿ ಕಳಿಸಿ. ಇಲ್ಲಿ ಎಲ್ಲರೆದುರು ಹಾಕಬೇಡಿ.

ವೀಕೆಂಡ್ ವೀರ

ಕಳಿಸಿದ್ದೇನೆ. ನನ್ನ ಅಜ್ಜಿ ಆರೋಗ್ಯವಾಗಿದ್ದಾರೆ.